ಮತದಾರರ ಪಟ್ಟಿ: ಹೆಸರೆಂಬ ನ್ಯಾಸ

ಗಣರಾಜ್ಯದ ಮಾತು ಬಂದೊಡನೆ ವೈಶಾಲಿಯನ್ನು ನೆನೆಯುವುದು ಜೈನ ಲೇಖಕರಲ್ಲಿ ಬಹುಕಾಲದಿಂದ ಬಂದ ವಾಡಿಕೆ. ಭಗವಾನ್ ಮಹಾವೀರರ ಜನ್ಮಸ್ಥಳವಾದ ಕುಂಡಗ್ರಾಮವು ಆ ನಗರದ ಸಮೀಪದ್ದೆಂಬುದೂ, ಲಿಚ್ಛವಿಗಳ ನಾಯಕನಾದ ಚೇಟಕನು ತ್ರಿಶಲಾದೇವಿಗೆ ದಿಗಂಬರ ಪರಂಪರೆಯಂತೆ ತಂದೆಯೆಂಬುದೂ ಶ್ವೇತಾಂಬರ ಪರಂಪರೆಯಂತೆ ಸೋದರನೆಂಬುದೂ ಈ ಅಭಿಮಾನಕ್ಕೆ ಕಾರಣ. ಅಭಿಮಾನವು ಸಹಜವೇ. ಆದರೆ ಚರಿತ್ರೆಯನ್ನು ಹೇಳುವಾಗ ಅಭಿಮಾನದ ಜೊತೆಗೆ ಲೆಕ್ಕವನ್ನೂ ನೋಡಬೇಕಾಗುತ್ತದೆ. ವೈಶಾಲಿಯ ಸಂಥಾಗಾರದಲ್ಲಿ ಕುಳಿತು ರಾಜ್ಯದ ವಿಷಯವನ್ನು ನಿರ್ಣಯಿಸುವ ಅಧಿಕಾರವು ಕ್ಷತ್ರಿಯ ಕುಲಗಳ ಹಿರಿಯರಿಗೆ ಮಾತ್ರ ಸೇರಿದ್ದಿತು. ನಗರಕ್ಕೆ ಧಾನ್ಯವನ್ನು ತಂದು ಮಾರುತ್ತಿದ್ದ ವರ್ತಕನಿಗಾಗಲಿ, ನೇಗಿಲನ್ನು ಬಡಿದುಕೊಡುತ್ತಿದ್ದ ಕಮ್ಮಾರನಿಗಾಗಲಿ, ಸ್ತ್ರೀಯರಿಗಾಗಲಿ ಅಲ್ಲಿ ಸ್ಥಾನವಿರಲಿಲ್ಲ. ಅದು ಕೆಲವರ ಗಣವೇ ಹೊರತು ಎಲ್ಲರ ಗಣವಲ್ಲ.

ದಕ್ಷಿಣದಲ್ಲಿ ಇಂತಹುದೇ ಮತ್ತೊಂದು ಹೆಮ್ಮೆಯ ನಿದರ್ಶನವೆಂದರೆ ತಮಿಳುನಾಡಿನ ಉತ್ತರಮೇರೂರಿನ ಶಾಸನಗಳು. ಚೋಳ ಪರಾಂತಕನ ಕಾಲದಲ್ಲಿ, ಅಂದರೆ 10ನೆಯ ಶತಮಾನದ ಆರಂಭದಲ್ಲಿ, ಗ್ರಾಮದ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ಕ್ರಮವನ್ನು ಅವು ವಿವರಿಸುತ್ತವೆ. ಅರ್ಹರ ಹೆಸರುಗಳನ್ನು ತಾಳೆಯೋಲೆಯ ತುಂಡುಗಳ ಮೇಲೆ ಬರೆದು, ಗಡಿಗೆಯಲ್ಲಿ ಹಾಕಿ, ಬಾಲಕನೊಬ್ಬನಿಂದ ತೆಗೆಸುತ್ತಿದ್ದರು. ಹೆಸರು ಬರೆಯಿಸಿಕೊಳ್ಳಲು ತೆರಿಗೆ ಕೊಡುವ ಸ್ವಂತ ಜಮೀನು, ಸ್ವಂತ ನಿವೇಶನದಲ್ಲಿ ಮನೆ, 35ಕ್ಕೂ 70ಕ್ಕೂ ನಡುವಣ ವಯಸ್ಸು, ವೇದಶಾಸ್ತ್ರಗಳ ಜ್ಞಾನ ಇವಿಷ್ಟೂ ಬೇಕಾಗಿದ್ದವು. ಈ ಶಾಸನದಲ್ಲಿ ವರ್ತಕರ ಕಣ್ಣಿಗೆ ಥಟ್ಟನೆ ಬೀಳುವ ಒಂದು ನಿಬಂಧನೆಯಿದೆ: ಹಿಂದೆ ಸಮಿತಿಯಲ್ಲಿದ್ದು ಲೆಕ್ಕವನ್ನು ಒಪ್ಪಿಸದವನು ಮಾತ್ರವಲ್ಲ, ಅವನ ಹತ್ತಿರದ ಬಂಧುಗಳೂ ಆಯ್ಕೆಗೆ ಅನರ್ಹರು! ಈ ಒಂದು ನಿಯಮವನ್ನು ಇಂದಿಗೂ ಇಟ್ಟುಕೊಂಡಿದ್ದರೆ ಎಷ್ಟು ಜನರ ಓಲೆ ಗಡಿಗೆಯೊಳಗೆ ಬೀಳುತ್ತಿತ್ತೋ ಹೇಳಲಾಗದು. ಅದೇನೇ ಇರಲಿ, ಇಲ್ಲಿಯೂ ಹೆಸರು ಬರೆಯಿಸಿಕೊಂಡದ್ದು ಮನುಷ್ಯನಲ್ಲ, ಅವನ ಭೂಮಿ.

ಕನ್ನಡನಾಡಿನಲ್ಲಿ ಪ್ರತಿನಿಧಿಗಳ ಸಭೆಯೊಂದು ಆಧುನಿಕ ರೂಪದಲ್ಲಿ ಕಾಣಿಸಿಕೊಂಡುದು 1881ರಲ್ಲಿ. ಆ ವರ್ಷ ಮೈಸೂರು ಸಂಸ್ಥಾನವು ಒಡೆಯರ ವಂಶಕ್ಕೆ ಮರಳಿ ಬಂದ ಕೆಲವೇ ತಿಂಗಳುಗಳಲ್ಲಿ ದಿವಾನ್ ರಂಗಾಚಾರ್ಲು ಅವರು ದಸರೆಯ ಸಂದರ್ಭದಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಅಕ್ಟೋಬರ್ 7ರಂದು ಸೇರಿದ ಆ ಸಭೆಗೆ ಬಂದವರು 144 ಮಂದಿ. ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ಅನುಕೂಲಸ್ಥ ರೈತರೂ, ಪ್ರತಿ ಜಿಲ್ಲೆಯಿಂದ ಮೂರು ನಾಲ್ವರು ಪ್ರಮುಖ ವರ್ತಕರೂ ಬರಲೆಂಬುದು ಏರ್ಪಾಡು. ಆರಂಭದಲ್ಲಿ ಅವರು ಆಯ್ಕೆಯಾದವರಲ್ಲ, ಕರೆಯಿಸಿಕೊಂಡವರು. ಶಾಸನ ಮಾಡುವ ಅಧಿಕಾರವೂ ಅವರಿಗಿರಲಿಲ್ಲ. ಸರ್ಕಾರದ ಲೆಕ್ಕಪತ್ರವನ್ನು ಕೇಳುವುದು, ಅಹವಾಲನ್ನು ಹೇಳುವುದು ಇಷ್ಟೇ. ಆದರೂ ದೇಶೀಯ ಸಂಸ್ಥಾನಗಳಲ್ಲಿ ಅಂತಹ ಸಭೆ ಅದೇ ಮೊದಲು. ಮುಂದೆ ಚುನಾವಣೆಯ ಕ್ರಮ ಬಂದಿತು, 1907ರಲ್ಲಿ ವಿಧಾನ ಪರಿಷತ್ತು ಸ್ಥಾಪಿತವಾಯಿತು, 1920ರ ದಶಕದಲ್ಲಿ ಸ್ತ್ರೀಯರಿಗೂ ಮತದ ಬಾಗಿಲು ಸ್ವಲ್ಪ ತೆರೆಯಿತು. ಆದರೆ ಮತವಿದ್ದುದು ಇಷ್ಟು ಕಂದಾಯ, ಇಷ್ಟು ತೆರಿಗೆ ಅಥವಾ ಇಷ್ಟು ವಿದ್ಯೆ ಇದ್ದವರಿಗೆ.

ಬ್ರಿಟಿಷ್ ಪ್ರಾಂತಗಳಲ್ಲಿಯೂ ಹೀಗೆಯೇ. 1919ರ ಕಾಯ್ದೆಯಾಗಲಿ 1935ರ ಕಾಯ್ದೆಯಾಗಲಿ ಆಸ್ತಿ, ತೆರಿಗೆ, ಓದು ಎಂಬ ಮೂರು ಅಳತೆಗಳಿಂದಲೇ ಮತದಾರನನ್ನು ಅಳೆದವು. 1935ರ ವ್ಯವಸ್ಥೆಯಲ್ಲಿ ಒಂದು ವಿಶೇಷವಿತ್ತು: ಆಸ್ತಿಯುಳ್ಳವನ ಪತ್ನಿಯೆಂಬ ಕಾರಣಕ್ಕಾಗಿಯೇ ಸ್ತ್ರೀಗೆ ಮತ ದೊರೆಯಬಹುದಾಗಿತ್ತು. ಆಕೆಯು ಪಟ್ಟಿಗೆ ಬಂದದ್ದು ತನ್ನ ಲೆಕ್ಕದಲ್ಲಲ್ಲ, ಗಂಡನ ಖಾತೆಯ ಒಂದು ಉಪಖಾತೆಯಾಗಿ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ 1951ರಲ್ಲಿ ನಡೆದ ಸಂಗತಿ ಅರ್ಥವಾಗುತ್ತದೆ. ಆ ಕಾಲದಲ್ಲಿ ಆಸ್ತಿಯಿದ್ದ ಜೈನ ವರ್ತಕರು ಅನೇಕರು ಮತದಾರರಾಗಿದ್ದರೆಂಬುದು ಸಹಜ. ಅವರ ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದ ಹಮಾಲನು ಮತದಾರನಾಗಿರಲಿಲ್ಲವೆಂಬುದೂ ಅಷ್ಟೇ ನಿಜ. ಆಗ ಅದು ಯಾರಿಗೂ ಅನ್ಯಾಯವಾಗಿ ತೋರಲಿಲ್ಲವೆಂದೇ ಕಾಣುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ನಡೆದುದು ನಿಜವಾಗಿಯೂ ಅಪೂರ್ವವಾದ ಕಾರ್ಯ. ಸಂವಿಧಾನವು ಇನ್ನೂ ಸಿದ್ಧವಾಗಿರಲಿಲ್ಲ; ಚುನಾವಣಾ ಆಯೋಗವೆಂಬುದು ಇರಲೇ ಇಲ್ಲ. ಆದರೂ 1948ರಲ್ಲಿಯೇ ಸಂವಿಧಾನ ಸಭೆಯ ಕಚೇರಿಯು ಎಲ್ಲ ಪ್ರಾಂತಗಳಿಗೂ ಸಂಸ್ಥಾನಗಳಿಗೂ ಪತ್ರ ಬರೆದು, ವಯಸ್ಕರೆಲ್ಲರ ಹೆಸರುಳ್ಳ ಕರಡು ಪಟ್ಟಿಯನ್ನು ತಯಾರಿಸಲು ತೊಡಗಬೇಕೆಂದು ಸೂಚಿಸಿತು. ಆ ಕಚೇರಿಗೆ ಸಂವಿಧಾನ ಸಲಹೆಗಾರರಾಗಿದ್ದವರು ಮಂಗಳೂರು ಮೂಲದ ಬೆನಗಲ್ ನರಸಿಂಗ ರಾಯರು. ಮನೆಮನೆಗೆ ಹೋಗಿ ಹೆಸರು ಬರೆಯುವವರ ಮುಂದೆ ಮೊದಲು ನಿಂತ ಪ್ರಶ್ನೆ ನಿರಾಶ್ರಿತರದು. ದೇಶವಿಭಜನೆಯಿಂದ ಮನೆ ಕಳೆದುಕೊಂಡು ಬಂದವನಿಗೆ ಊರೆಲ್ಲಿ, ವಾಸದ ಆಧಾರವೆಲ್ಲಿ? ಅಂಥವನು 'ಇಲ್ಲಿಯೇ ಶಾಶ್ವತವಾಗಿ ನೆಲೆಸುವ ಉದ್ದೇಶ ನನ್ನದು' ಎಂದು ಹೇಳಿಕೆ ಕೊಟ್ಟರೆ ಸಾಕು, ಹೆಸರನ್ನು ಬರೆದುಕೊಳ್ಳಬೇಕೆಂದು ತೀರ್ಮಾನವಾಯಿತು. ಆಸ್ತಿಯನ್ನು ಕೇಳುತ್ತಿದ್ದ ಪಟ್ಟಿಯು ಹೀಗೆ ಮನುಷ್ಯನ ಮಾತನ್ನು ನಂಬುವ ಪಟ್ಟಿಯಾಯಿತು. ಇದು ಸಣ್ಣ ಬದಲಾವಣೆಯಲ್ಲ. ಸಾಲ ಕೊಡುವ ಮನೆಯಲ್ಲಿ ಅಡಮಾನವನ್ನು ಬಿಟ್ಟು ಬಾಯಿಮಾತಿನ ಮೇಲೆ ಹಣ ಕೊಡಲು ನಿಶ್ಚಯಿಸಿದರೆ ಎಷ್ಟು ಧೈರ್ಯ ಬೇಕೋ ಅಷ್ಟು ಧೈರ್ಯ ಇದಕ್ಕೂ ಬೇಕಾಗಿತ್ತು.

1950ರ ಜನವರಿ 25ರಂದು ಚುನಾವಣಾ ಆಯೋಗವು ಅಸ್ತಿತ್ವಕ್ಕೆ ಬಂದು, ಮಾರ್ಚ್ ತಿಂಗಳಿನಲ್ಲಿ ಸುಕುಮಾರ ಸೇನರು ಮೊದಲ ಮುಖ್ಯ ಚುನಾವಣಾ ಆಯುಕ್ತರಾದರು. ಗಣಿತವನ್ನು ಅಭ್ಯಾಸ ಮಾಡಿದವರು, ಎಣಿಕೆಯಲ್ಲಿ ಕಟ್ಟುನಿಟ್ಟು. 21 ವರ್ಷ ತುಂಬಿದ ಪ್ರತಿಯೊಬ್ಬರ ಹೆಸರೂ ಪಟ್ಟಿಯಲ್ಲಿರಬೇಕೆಂಬುದು ಸಂವಿಧಾನದ 326ನೆಯ ಅನುಚ್ಛೇದದ ಅಪ್ಪಣೆ. ಧರ್ಮ, ಜನಾಂಗ, ಜಾತಿ, ಲಿಂಗಗಳ ಕಾರಣದಿಂದ ಯಾರನ್ನೂ ಹೊರಗಿಡದೆ ಎಲ್ಲರಿಗೂ ಒಂದೇ ಪಟ್ಟಿಯಿರಬೇಕೆಂಬುದು 325ನೆಯದು. ಹೆಸರುಗಳನ್ನು ಬೆರಳಚ್ಚು ಮಾಡಿ ಜೋಡಿಸಲು 16,500 ಗುಮಾಸ್ತರನ್ನು ಆರು ತಿಂಗಳ ಮಟ್ಟಿಗೆ ನೇಮಿಸಿಕೊಂಡರು. ಮುದ್ರಣಕ್ಕೆ ಸುಮಾರು 3,80,000 ರೀಮು ಕಾಗದ ಖರ್ಚಾಯಿತು. ಕೊನೆಗೆ ಪಟ್ಟಿಯಲ್ಲಿ ನಿಂತ ಹೆಸರುಗಳು 17 ಕೋಟಿ 32 ಲಕ್ಷ.

ಆದರೆ ಇಷ್ಟು ದೊಡ್ಡ ಪುಸ್ತಕದಲ್ಲಿ ಒಂದು ಕಡೆ ಶಿಲ್ಕು ತಾಳೆಯಾಗಲಿಲ್ಲ. ಗಣತಿದಾರರು ಮನೆಯ ಬಾಗಿಲಿಗೆ ಹೋಗಿ ಕೇಳಿದಾಗ, ಬಿಹಾರ, ಉತ್ತರಪ್ರದೇಶ, ಮಧ್ಯಭಾರತ, ರಾಜಸ್ಥಾನ, ವಿಂಧ್ಯಪ್ರದೇಶಗಳಲ್ಲಿ ಅಸಂಖ್ಯ ಸ್ತ್ರೀಯರು ತಮ್ಮ ಹೆಸರನ್ನು ಹೇಳಲಿಲ್ಲ. ಪರಪುರುಷನ ಎದುರಿಗೆ ಹೆಸರು ಹೇಳುವುದು ಮರ್ಯಾದೆಯಲ್ಲವೆಂಬುದು ಆ ಕಡೆಯ ಸಂಪ್ರದಾಯ. 'ಇಂಥವರ ತಾಯಿ', 'ಇಂಥವರ ಹೆಂಡತಿ', 'ಇಂಥವರ ಮಗಳು' ಎಂದು ಬರೆಯಿಸಿದರು. ಗಣತಿದಾರರು ಹಾಗೆಯೇ ಬರೆದುಕೊಂಡು ಬಂದರು. ಸೇನರು ಇದನ್ನು ಒಪ್ಪಲಿಲ್ಲ. ಸ್ವಂತ ಹೆಸರಿಲ್ಲದ ನಮೂದು ನಮೂದೇ ಅಲ್ಲ, ಹೆಸರನ್ನು ಕೇಳಿ ಬರೆಯಿರಿ, ಇಲ್ಲವಾದರೆ ತೆಗೆದುಹಾಕಿರಿ ಎಂಬುದು ಅವರ ಆದೇಶ. ಪ್ರಚಾರ ನಡೆಯಿತು. ಬಿಹಾರಕ್ಕೆ ಒಂದು ತಿಂಗಳ ಹೆಚ್ಚಿನ ಅವಧಿಯನ್ನೂ ಕೊಟ್ಟರು. ಅದಾದ ಮೇಲೆಯೂ ದೇಶದ ಸುಮಾರು 8 ಕೋಟಿ ಸ್ತ್ರೀ ಮತದಾರರಲ್ಲಿ ಹತ್ತಿರ ಹತ್ತಿರ 28 ಲಕ್ಷ ಮಂದಿಯ ನಮೂದುಗಳನ್ನು ಅಳಿಸಬೇಕಾಯಿತು. ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಆ 28 ಲಕ್ಷ ಸ್ತ್ರೀಯರಿಗೆ ಮತವಿರಲಿಲ್ಲ.

ಸೇನರ ಆದೇಶ ನಿಷ್ಠುರವಾದುದೆಂದು ಅಂದೂ ಟೀಕೆ ಬಂದಿತು. ಉಳಿದೆಲ್ಲ ಅರ್ಹತೆಯೂ ಇದ್ದ ಸ್ತ್ರೀಯನ್ನು ಒಂದು ಹೆಸರಿಗಾಗಿ ಹೊರಗಿಟ್ಟದ್ದು ನ್ಯಾಯವೇ ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಆದರೆ ಇನ್ನೊಂದು ದಾರಿಯನ್ನು ಊಹಿಸಿ ನೋಡಬೇಕು. 'ಇಂಥವರ ಹೆಂಡತಿ' ಎಂಬ ನಮೂದಿಗೆ ಮತವನ್ನು ಕೊಟ್ಟಿದ್ದರೆ ಆ ಮತವನ್ನು ಹಾಕಲು ಯಾರು ಬೇಕಾದರೂ ಬರಬಹುದಾಗಿತ್ತು. ಗಂಡನು ಸತ್ತರೆ, ಬೇರೆ ಊರಿಗೆ ಹೋದರೆ ಆ ನಮೂದು ಯಾರದೆಂದು ಹೇಳುವವರಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, 1935ರ ಹಳೆಯ ಉಪಖಾತೆಯೇ ಹೊಸ ಪುಸ್ತಕಕ್ಕೂ ಇಳಿದು ಬರುತ್ತಿತ್ತು. ಸೇನರ ಕಟ್ಟುನಿಟ್ಟಿನಿಂದ ಒಂದು ಚುನಾವಣೆ ತಪ್ಪಿತು. ಆದರೆ ಪಟ್ಟಿಯಲ್ಲಿ ಸ್ತ್ರೀಯ ಹೆಸರು ಅವಳದೇ ಎಂಬ ನಿಯಮ ನಿಂತಿತು. ಮುಂದಿನ ಚುನಾವಣೆಗಳ ವೇಳೆಗೆ ಈ ಸಂಕೋಚ ಕರಗುತ್ತ ಬಂದಿತು.

ಕನ್ನಡನಾಡಿನ ಜೈನ ಸ್ತ್ರೀಯರ ಚರಿತ್ರೆಯನ್ನು ಬಲ್ಲವರಿಗೆ ಈ ಪ್ರಸಂಗವು ವಿಚಿತ್ರವಾಗಿ ತೋರದೆ ಇರದು. ಇಲ್ಲಿ ಹೆಸರುಗಳು ಕಲ್ಲಿನ ಮೇಲೆಯೇ ಇವೆ. ನಾಗರಖಂಡವನ್ನು ಆಳಿ, ಬಂದಳಿಕೆಯಲ್ಲಿ ಸಲ್ಲೇಖನವ್ರತದಿಂದ ದೇಹತ್ಯಾಗ ಮಾಡಿದ 10ನೆಯ ಶತಮಾನದ ಜಕ್ಕಿಯಬ್ಬೆ. ಲಕ್ಕುಂಡಿಯ 1007ರ ಶಾಸನವು ಕೊಂಡಾಡುವ ದಾನಚಿಂತಾಮಣಿ ಅತ್ತಿಮಬ್ಬೆ. ಶ್ರವಣಬೆಳಗೊಳದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಶಾಂತಲಾದೇವಿ. ಚಂದ್ರಗಿರಿಯ ಬಂಡೆಗಳಲ್ಲಿ ಇವರಿಗಿಂತಲೂ ಹಳೆಯ ಕಂತಿಯರ ಹೆಸರುಗಳಿವೆ. ಈ ಶಾಸನಗಳೂ 'ಇಂಥವರ ಪತ್ನಿ', 'ಇಂಥವರ ಮಗಳು' ಎಂದು ಹೇಳದೆ ಇಲ್ಲ. ಆದರೆ ಸಂಬಂಧವು ಹೆಸರಿನ ಜೊತೆಗೆ ಬರುತ್ತದೆ, ಹೆಸರಿನ ಜಾಗದಲ್ಲಿ ಬರುವುದಿಲ್ಲ. ಇಂದಿನ ನೋಂದಣಿಯ ಅರ್ಜಿಯಲ್ಲಿಯೂ ಕ್ರಮ ಇದೇ: ಮೊದಲು ಅರ್ಜಿದಾರರ ಹೆಸರು, ಅನಂತರ ಬಂಧುವಿನ ಹೆಸರು. ಆ ಬಂಧು ತಂದೆ ಅಥವಾ ಗಂಡನೇ ಆಗಬೇಕೆಂದಿಲ್ಲ, ತಾಯಿಯೂ ಆಗಬಹುದು, ಪತ್ನಿಯೂ ಆಗಬಹುದು.

1951ರಲ್ಲಿ ಒಂದು ತಿಂಗಳ ಹೆಚ್ಚಿನ ಅವಧಿಯನ್ನು ಪಡೆದಿದ್ದ ಅದೇ ಬಿಹಾರವು 2025ರಲ್ಲಿ ಮತ್ತೆ ಮತದಾರರ ಪಟ್ಟಿಯ ಕಾರಣದಿಂದಲೇ ದೇಶದ ಗಮನವನ್ನು ಸೆಳೆಯಿತು. ಆ ವರ್ಷದ ಜೂನ್ 24ರಂದು ಆಯೋಗವು ಅಲ್ಲಿ ವಿಶೇಷ ತೀವ್ರ ಪರಿಷ್ಕರಣೆಗೆ ಆದೇಶವಿತ್ತಿತು. ಆಗಸ್ಟ್ 1ರಂದು ಪ್ರಕಟವಾದ ಕರಡು ಪಟ್ಟಿಯಲ್ಲಿ 7 ಕೋಟಿ 24 ಲಕ್ಷ ಹೆಸರುಗಳಿದ್ದವು. ಹಿಂದಿನ ಪಟ್ಟಿಯಲ್ಲಿದ್ದ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ. ಮರಣ, ವಲಸೆ, ಎರಡು ಕಡೆ ನೋಂದಣಿ ಇವು ಆಯೋಗವು ಕೊಟ್ಟ ಕಾರಣಗಳು. ಕೈಬಿಟ್ಟ ಹೆಸರುಗಳನ್ನು ಕಾರಣಸಹಿತವಾಗಿ ಪ್ರಕಟಿಸಬೇಕೆಂದು ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಆದೇಶಿಸಿತು. ಸೆಪ್ಟೆಂಬರ್ 30ರ ಅಂತಿಮ ಪಟ್ಟಿಯಲ್ಲಿ ಸಂಖ್ಯೆಯು 7 ಕೋಟಿ 42 ಲಕ್ಷದಷ್ಟಾಯಿತು. ಪಕ್ಷಗಳ ವಾದವಿವಾದ ಪಕ್ಷಗಳಿಗೇ ಇರಲಿ. ಲೆಕ್ಕ ಬಲ್ಲವರು ಗಮನಿಸಬೇಕಾದ ಅಂಶ ಕೋರ್ಟಿನ ಆ ಒಂದು ಆದೇಶ: ಖಾತೆಯನ್ನು ಮುಚ್ಚುವುದಾದರೆ ಏಕೆ ಮುಚ್ಚಿದಿರೆಂದು ಖಾತೆದಾರನಿಗೆ ತಿಳಿಯುವಂತೆ ಬರೆಯಿರಿ.

ಈ ಹಂತದಲ್ಲಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ತೆರೆದು ನೋಡುವುದು ಉಚಿತ. ಸತ್ಯಾಣುವ್ರತಕ್ಕೆ ಅಲ್ಲಿ ಹೇಳಿದ ಐದು ಅತಿಚಾರಗಳು ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ ಮತ್ತು ಸಾಕಾರಮಂತ್ರಭೇದ. ಇವುಗಳಲ್ಲಿ ನಡುವಿನ ಎರಡು ನೇರವಾಗಿ ಬರಹಕ್ಕೂ ಲೆಕ್ಕಕ್ಕೂ ಸಂಬಂಧಿಸಿದವು. ಕೂಟಲೇಖಕ್ರಿಯೆಯೆಂದರೆ ಸುಳ್ಳು ದಸ್ತಾವೇಜು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆ ಇನ್ನೂ ಸೂಕ್ಷ್ಮವಾದುದು: ಒಬ್ಬನು ಹೇಳದೆ ಇದ್ದುದನ್ನು, ಮಾಡದೆ ಇದ್ದುದನ್ನು, ಅವನು ಹೇಳಿದನೆಂದೂ ಮಾಡಿದನೆಂದೂ ವಂಚನೆಗಾಗಿ ಬರೆಯುವುದು. ಸತ್ತ ಅಜ್ಜನ ಹೆಸರನ್ನು ತೆಗೆಸದೆ ಉಳಿಸಿಕೊಂಡು ಅವನ ಮತವನ್ನು ಹಾಕಿಸುವುದು ಇದೇ ಅಲ್ಲವೇ? ನೆರೆಯವನಿಗೆ ತಿಳಿಯದಂತೆ ಅವನ ಹೆಸರನ್ನು ಅಳಿಸಬೇಕೆಂದು ಅರ್ಜಿ ಹಾಕಿ, ಅದಕ್ಕೆ ಮೂರನೆಯವನ ಸಹಿ ಮಾಡುವುದಂತೂ ಪೂಜ್ಯಪಾದರು ಅದನ್ನೇ ಕಣ್ಣಮುಂದೆ ಇಟ್ಟುಕೊಂಡು ಬರೆದರೋ ಎಂಬಂತಿದೆ.

ನ್ಯಾಸಾಪಹಾರವು ಇನ್ನೂ ಗಹನವಾದುದು. ನ್ಯಾಸವೆಂದರೆ ನಂಬಿ ಇಟ್ಟ ಇಡುಗಂಟು. ಇಟ್ಟವನು ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು 'ಹೌದು, ಅಷ್ಟೇ' ಎಂದು ಕೊಟ್ಟರೆ ಅದು ಅತಿಚಾರ. ಅವನು ಕದ್ದಿಲ್ಲ, ಸುಳ್ಳು ಪತ್ರ ಬರೆದಿಲ್ಲ. ಇನ್ನೊಬ್ಬನ ಮರೆವಿನಿಂದ ಲಾಭ ಪಡೆದನು, ಅಷ್ಟೇ. ಮತದಾರರ ಪಟ್ಟಿಯಲ್ಲಿರುವ ಹೆಸರನ್ನು ಹೀಗೊಂದು ನ್ಯಾಸವೆಂದು ಭಾವಿಸಬಹುದು. ಪ್ರಜೆಯು ರಾಜ್ಯದ ವಶದಲ್ಲಿಟ್ಟ ಇಡುಗಂಟು ಅದು. ಐದು ವರ್ಷಕ್ಕೊಮ್ಮೆ ಕೇಳಲು ಬರುತ್ತಾನೆ. ಅವನ ಅಜಾಗ್ರತೆಯನ್ನು ನೋಡಿ ಅದನ್ನು ಕರಗಿಸುವುದು ಯಾರು ಮಾಡಿದರೂ ನ್ಯಾಸಾಪಹಾರವೇ. ಆದರೆ ಇಟ್ಟವನಿಗೂ ಒಂದು ಕರ್ತವ್ಯವಿದೆ. ವರ್ಷಕ್ಕೊಮ್ಮೆ ದೀಪಾವಳಿಯಲ್ಲಿ ವೀರನಿರ್ವಾಣದ ದಿನ ಹೊಸ ಕಿರ್ದಿ, ಹೊಸ ಖಾತಾವಹಿಗಳಿಗೆ ಪೂಜೆ ಮಾಡುವ ಮನೆತನಗಳು ಹಳೆಯ ಶಿಲ್ಕನ್ನು ತಾಳೆ ನೋಡದೆ ಹೊಸ ಪುಸ್ತಕಕ್ಕೆ ಎಳೆಯುವುದಿಲ್ಲ. ಮತದಾರರ ಪಟ್ಟಿಯಲ್ಲಿ ಮಾತ್ರ 'ಕಳೆದ ಸಲ ಇತ್ತು, ಈ ಸಲವೂ ಇರುತ್ತದೆ' ಎಂದು ಸುಮ್ಮನಿರುವುದು ಏತಕ್ಕೆ?

ತಾಳೆ ನೋಡುವ ಕ್ರಮವು ಕಠಿಣವಾದುದೇನಲ್ಲ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದುದು 61ನೆಯ ತಿದ್ದುಪಡಿಯಿಂದ, 1989ರಲ್ಲಿ. ಮೊದಲು ಜನವರಿ 1ರಂದು 18 ತುಂಬಿರಬೇಕೆಂಬ ಒಂದೇ ದಿನಾಂಕವಿತ್ತು. ಜನವರಿ 2ರಂದು ಹುಟ್ಟಿದವರು ಒಂದು ವರ್ಷ ಕಾಯಬೇಕಾಗುತ್ತಿತ್ತು. 2021ರ ತಿದ್ದುಪಡಿಯ ನಂತರ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಗಳೆಂದು ನಾಲ್ಕು ದಿನಾಂಕಗಳಾಗಿವೆ. ಹೊಸದಾಗಿ ಹೆಸರು ಸೇರಿಸಲು ನಮೂನೆ 6; ಮರಣ ಮುಂತಾದ ಕಾರಣಗಳಿಂದ ತೆಗೆಸಲು ಅಥವಾ ಆಕ್ಷೇಪಿಸಲು ನಮೂನೆ 7; ಮನೆ ಬದಲಾಯಿಸಿದಾಗಲೂ, ಹೆಸರು ವಯಸ್ಸುಗಳ ತಪ್ಪನ್ನು ತಿದ್ದಿಸಲೂ, ಕಳೆದ ಗುರುತಿನ ಚೀಟಿಗೆ ಬದಲಿ ಪಡೆಯಲೂ ನಮೂನೆ 8. ಮತಗಟ್ಟೆ ಮಟ್ಟದ ಅಧಿಕಾರಿಯಲ್ಲಾಗಲಿ, ಮತದಾರರ ನೋಂದಣಾಧಿಕಾರಿಯ ಕಚೇರಿಯಲ್ಲಾಗಲಿ, ಆಯೋಗದ ಜಾಲತಾಣದಲ್ಲಾಗಲಿ ಇವನ್ನು ಸಲ್ಲಿಸಬಹುದು. ಶುಲ್ಕವಿಲ್ಲ. ಸಂದೇಹವಿದ್ದರೆ 1950 ಎಂಬ ದೂರವಾಣಿ ಸಂಖ್ಯೆಯಿದೆ. ಆಯೋಗವು ಹುಟ್ಟಿದ ವರ್ಷವೇ ಆದುದರಿಂದ ನೆನಪಿಡುವುದು ಸುಲಭ.

ಮುಖ್ಯವಾದ ಒಂದು ಎಚ್ಚರ ಕಾಲದ ವಿಷಯದಲ್ಲಿ. ವಿಧಾನಸಭೆಯ ಚುನಾವಣೆ ಘೋಷಣೆಯಾದ ಮೇಲೆ ಓಡಾಡುವವರು ಅನೇಕರು. ನಾಮಪತ್ರ ಸಲ್ಲಿಸುವ ಕಡೆಯ ದಿನ ಕಳೆದ ನಂತರ ಆ ಚುನಾವಣೆ ಮುಗಿಯುವವರೆಗೆ ಪಟ್ಟಿಯಲ್ಲಿ ಸೇರಿಸುವುದೂ ಇಲ್ಲ, ತೆಗೆಯುವುದೂ ಇಲ್ಲ. ಅರ್ಜಿಯ ವಿಚಾರಣೆಗೆ ಅದಕ್ಕೂ ಮೊದಲೇ ಕೆಲವು ದಿನಗಳು ಬೇಕು. ಇದ್ದ ಹೆಸರನ್ನು ತೆಗೆಯುವ ಮೊದಲು ಆ ವ್ಯಕ್ತಿಗೆ ಹೇಳಿಕೊಳ್ಳಲು ಅವಕಾಶ ಕೊಡಬೇಕೆಂಬುದು 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ನಿಯಮ. ನೋಂದಣಾಧಿಕಾರಿಯ ನಿರ್ಣಯ ಸರಿಯಿಲ್ಲವೆಂದು ಕಂಡರೆ 15 ದಿನಗಳೊಳಗೆ ಜಿಲ್ಲಾಧಿಕಾರಿಗೂ, ಅಲ್ಲಿಯೂ ಆಗದಿದ್ದರೆ 30 ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೂ ಮೇಲ್ಮನವಿ ಸಲ್ಲಿಸಬಹುದು. ಚುನಾವಣೆ ಇಲ್ಲದ ಕಾಲವೇ ಇದಕ್ಕೆಲ್ಲ ಸಕಾಲ.

ವರ್ತಕ ಸಮಾಜಕ್ಕೆ ವಿಶೇಷವಾಗಿ ಹೇಳಬೇಕಾದದ್ದು ವಾಸಸ್ಥಳದ ವಿಚಾರ. ಹುಬ್ಬಳ್ಳಿಯಲ್ಲಿ ಅಂಗಡಿ, ಹಳ್ಳಿಯಲ್ಲಿ ಹಿರಿಯರ ಮನೆ, ಬೆಂಗಳೂರಿನಲ್ಲಿ ಮಗನ ಸಂಸಾರ. ಮೂರೂ ಕಡೆ ಹೆಸರು ಇರುವುದು ಗೌರವದ ಗುರುತೆಂದು ಭಾವಿಸುವವರಿದ್ದಾರೆ. ಕಾಯ್ದೆಯು ಒಬ್ಬನಿಗೆ ಒಂದೇ ಕ್ಷೇತ್ರದಲ್ಲಿ, ಒಂದೇ ಸಲ ನೋಂದಣಿಯನ್ನು ಒಪ್ಪುತ್ತದೆ. ಮನೆಯ ಮಾಲೀಕನಾಗಿರುವ ಮಾತ್ರಕ್ಕೆ ಅಲ್ಲಿಯ ಸಾಮಾನ್ಯ ನಿವಾಸಿಯೆಂದು ಎಣಿಸಲಾಗದೆಂದೂ ಅದು ಸ್ಪಷ್ಟವಾಗಿ ಹೇಳುತ್ತದೆ. ತಿಳಿದೂ ಸುಳ್ಳು ಘೋಷಣೆ ಮಾಡಿದರೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡೂ ಉಂಟು. ಉತ್ತರಮೇರೂರಿನಲ್ಲಿ ಮನೆಯಿದ್ದವನಿಗೆ ಮಾತ್ರ ಓಲೆ. ಇಂದು ಮನೆಗಳೆಷ್ಟಿದ್ದರೂ ಹೆಸರು ಒಂದೇ. ಮನೆಯೇ ಇಲ್ಲದವನ ವಿಷಯದಲ್ಲಿ ಆಯೋಗದ ಸೂಚನೆ ಮನಮುಟ್ಟುವಂಥದು: ಅವನು ರಾತ್ರಿ ಮಲಗುವ ಸ್ಥಳವನ್ನೇ ವಾಸಸ್ಥಳವೆಂದು ಬರೆದುಕೊಂಡು, ಅಧಿಕಾರಿಯು ರಾತ್ರಿಯ ವೇಳೆ ಹೋಗಿ ಕಂಡು ಖಚಿತಪಡಿಸಿಕೊಳ್ಳಬೇಕು, ಬೇರೆ ವಿಳಾಸದ ಪುರಾವೆ ಬೇಕಿಲ್ಲ.

'ನಾವೆಷ್ಟು ಜನ, ನಮ್ಮ ಒಂದೆರಡು ಹೆಸರಿನಿಂದ ಆಗುವುದೇನು' ಎಂಬ ಮಾತು ಜೈನ ಸಮಾಜದಲ್ಲಿ ಆಗಾಗ ಕೇಳಿಬರುತ್ತದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ ಸುಮಾರು 4 ಲಕ್ಷ 40 ಸಾವಿರ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಮತದಾರರು 5 ಕೋಟಿ 30 ಲಕ್ಷಕ್ಕೂ ಮಿಕ್ಕಿದ್ದರು. ಸಂಖ್ಯೆಯಿಂದ ನೋಡಿದರೆ ಮಾತು ಸರಿಯೆನಿಸುತ್ತದೆ. ಆದರೆ 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳೂ ಬಂದವು. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ನಿಂತದ್ದು 16 ಮತಗಳ ಮೇಲೆ. ಒಂದು ಮನೆಯ ಒಟ್ಟು ಕುಟುಂಬದಲ್ಲಿ ಅದಕ್ಕಿಂತ ಹೆಚ್ಚು ಜನರಿರುತ್ತಿದ್ದ ಕಾಲವೂ ಇದ್ದಿತು.

ಮತದಾನದ ದಿನದ ವಿಧಿಗಳೂ ಕಾಲಕ್ರಮದಲ್ಲಿ ಬೆಳೆದುಬಂದವು. 1952ರಲ್ಲಿ ಮತ್ತು 1957ರಲ್ಲಿ ಪ್ರತಿ ಅಭ್ಯರ್ಥಿಗೂ ಚಿಹ್ನೆಯಿರುವ ಬೇರೆ ಬೇರೆ ಪೆಟ್ಟಿಗೆ; ಅಕ್ಷರ ಬಾರದವರು ಚಿಹ್ನೆಯನ್ನು ನೋಡಿ ಚೀಟಿಯನ್ನು ಹಾಕುತ್ತಿದ್ದರು. 1952ರಲ್ಲಿ ಅಂದಿನ ಮೈಸೂರು ವಿಧಾನಸಭೆಗೆ 99 ಸ್ಥಾನಗಳಿದ್ದವು. ಇಂದು ಕರ್ನಾಟಕದಲ್ಲಿ 224. ಬೆರಳಿನ ಮೇಲಿನ ಅಳಿಸಲಾಗದ ಶಾಯಿಯನ್ನು 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಒದಗಿಸುತ್ತ ಬಂದಿರುವುದು ಮೈಸೂರಿನ ಕಾರ್ಖಾನೆ. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಅರಗಿನ ಉದ್ಯಮಕ್ಕಾಗಿ ಸ್ಥಾಪಿಸಿದ ಸಂಸ್ಥೆ ಅದು. ಒಮ್ಮೆ ಮತ ಹಾಕಿದವನು ಮತ್ತೆ ಬಾರದಂತೆ ತಡೆಯುವ ಈ ಗುರುತು ಕನ್ನಡನಾಡು ಭಾರತಕ್ಕೆ ಕೊಟ್ಟ ಪುಟ್ಟ ಕೊಡುಗೆ. ಈಗ ಮತಯಂತ್ರದ ಗುಂಡಿಯನ್ನು ಒತ್ತಿದಾಗ ಪಕ್ಕದ ಯಂತ್ರದ ಗಾಜಿನ ಹಿಂದೆ ಏಳು ಸೆಕೆಂಡುಗಳ ಕಾಲ ಚೀಟಿ ಕಾಣುತ್ತದೆ. ಆತುರಪಡದೆ ಅದನ್ನು ನೋಡಿಕೊಂಡೇ ಹೊರಬರಬೇಕು. ಯಾವ ಅಭ್ಯರ್ಥಿಯೂ ಒಪ್ಪಿಗೆಯಾಗದವರಿಗೆ 2013ರಿಂದ 'ನೋಟಾ' ಎಂಬ ಗುಂಡಿಯಿದೆ. 2023ರಲ್ಲಿ ಕರ್ನಾಟಕದಲ್ಲಿ 80 ವರ್ಷ ಮೀರಿದವರಿಗೆ ಮನೆಯಿಂದಲೇ ಮತ ಹಾಕುವ ಅನುಕೂಲವನ್ನು ಕಲ್ಪಿಸಿದ್ದರು. 2024ರಲ್ಲಿ ಆ ವಯೋಮಿತಿಯನ್ನು 85ಕ್ಕೆ ಏರಿಸಲಾಯಿತು. ನಿಗದಿತ ಪ್ರಮಾಣದ ಅಂಗವೈಕಲ್ಯವುಳ್ಳವರಿಗೂ ಈ ಅನುಕೂಲವಿದೆ. ಚುನಾವಣೆಯ ಅಧಿಸೂಚನೆಯಾದ ಐದು ದಿನಗಳೊಳಗೆ ನಮೂನೆ 12-ಡಿ ಯಲ್ಲಿ ಕೇಳಿಕೊಳ್ಳಬೇಕು.

ಗುರುತಿನ ಚೀಟಿ ಕೈಯಲ್ಲಿದ್ದರೆ ಮತ ಇದ್ದಂತೆಯೇ ಎಂಬ ತಪ್ಪು ತಿಳುವಳಿಕೆ ವಿದ್ಯಾವಂತರಲ್ಲಿಯೂ ಇದೆ. ಚೀಟಿಯು ಮತದಾರನ ಗುರುತನ್ನು ಹೇಳುತ್ತದೆ, ಅಷ್ಟೇ. ಅಧಿಕಾರ ಇರುವುದು ಪಟ್ಟಿಯ ನಮೂದಿನಲ್ಲಿ. ಹೆಸರು ಪಟ್ಟಿಯಲ್ಲಿದ್ದು ಚೀಟಿ ಕಳೆದುಹೋಗಿದ್ದರೆ ಆಯೋಗವು ಒಪ್ಪಿರುವ ಬೇರೆ ಗುರುತಿನ ದಾಖಲೆಯನ್ನು ತೋರಿಸಿ ಮತ ಹಾಕಬಹುದು. ಚೀಟಿಯಿದ್ದು ಹೆಸರಿಲ್ಲದಿದ್ದರೆ ಹಿಂದಿರುಗಬೇಕು.

ಇನ್ನೊಂದು ಸಂದರ್ಭವುಂಟು. ಹೆಸರೂ ಇದೆ, ಚೀಟಿಯೂ ಇದೆ. ಮತಗಟ್ಟೆಗೆ ಹೋದರೆ 'ನಿಮ್ಮ ಮತ ಆಗಲೇ ಆಗಿದೆ' ಎನ್ನುತ್ತಾರೆ. ಅಚೌರ್ಯವ್ರತದ ಅತಿಚಾರಗಳಲ್ಲಿ ಪ್ರತಿರೂಪಕವ್ಯವಹಾರವೆಂಬುದು ಕಡೆಯದು. ಅಸಲಿನ ಬದಲು ಅದರಂತೆ ಕಾಣುವ ನಕಲಿಯನ್ನು ನಡೆಸುವುದು. ಬಂಗಾರದಲ್ಲಿ, ತುಪ್ಪದಲ್ಲಿ ನಡೆಯುವ ಈ ವ್ಯವಹಾರ ಮತಗಟ್ಟೆಯಲ್ಲಿ ಮನುಷ್ಯನ ವಿಷಯದಲ್ಲಿಯೇ ನಡೆದುಹೋಗಿರುತ್ತದೆ. ಹೆಚ್ಚಿನವರು ಇಂಥ ವೇಳೆ ಗೊಣಗಿಕೊಂಡು ಮನೆಗೆ ಬರುತ್ತಾರೆ. ಬರಬೇಕಾಗಿಲ್ಲ. 1961ರ ಚುನಾವಣಾ ನಿಯಮಗಳಂತೆ ಅಂಥವರು ಮತಗಟ್ಟೆಯ ಅಧ್ಯಕ್ಷಾಧಿಕಾರಿಯ ಬಳಿಗೆ ಹೋಗಿ, ಗುರುತಿನ ಪ್ರಶ್ನೆಗಳಿಗೆ ತೃಪ್ತಿಕರವಾಗಿ ಉತ್ತರಿಸಿದರೆ, ಟೆಂಡರ್ ಮತವೆಂಬ ಕಾಗದದ ಮತಪತ್ರವನ್ನು ಕೊಡಲೇಬೇಕು. ಅದು ಯಂತ್ರದ ಎಣಿಕೆಯಲ್ಲಿ ಸೇರುವುದಿಲ್ಲ. ಬೇರೆ ಲಕೋಟೆಯಲ್ಲಿ ಮುದ್ರೆ ಬಿದ್ದು ಉಳಿಯುತ್ತದೆ. ಹಾಗಾದರೆ ಪ್ರಯೋಜನವೇನೆಂದು ಕೇಳಬಹುದು. ರಾಜಸ್ಥಾನದ ನಾಥದ್ವಾರಾ ಕ್ಷೇತ್ರದಲ್ಲಿ 2008ರಲ್ಲಿ ಸಿ.ಪಿ. ಜೋಶಿ ಅವರು ಒಂದೇ ಮತದಿಂದ ಸೋತಾಗ ಇಂಥ ಮುದ್ರೆಯ ಲಕೋಟೆಗಳೊಳಗಿದ್ದ ಟೆಂಡರ್ ಮತಗಳ ವಿಷಯವೇ ವ್ಯಾಜ್ಯವಾಗಿ 2011ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆ ಮತಪತ್ರವನ್ನು ಪಡೆಯುವ ಮೊದಲು ನಮೂನೆ 17-ಬಿ ಎಂಬ ಪಟ್ಟಿಯಲ್ಲಿ ಮತದಾರರ ಹೆಸರನ್ನು ಬರೆದು, ಅದರ ಎದುರಿಗೆ ಅವರ ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ತೆಗೆದುಕೊಳ್ಳುತ್ತಾರೆ.